ಗೋದಾಬಾಯಿ ಕಣ್ಣು ತೆರೆದ ಫೋಟೊ

ಈಗ ಈ ಕೆಲಸಕ್ಕೆ ಇಳಿಯುವವರ ಕೈಗೆ ಮೊದಲ ದಿನವೇ ಮಿರರ್‌ಲೆಸ್ ಕ್ಯಾಮೆರಾ ಬರುತ್ತದೆ. ಅವರಿಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ನನಗೆ ಕಾಣುತ್ತದೆ. ಮೊಣಕಾಲು ಮಾತು ಕೇಳದೆ ಕ್ಯಾಮೆರಾ ಕೆಳಗಿಟ್ಟು ಮನೆಯಲ್ಲಿ ಕೂತ ಮೇಲೂ, ಯಾರಾದರೂ ಕನ್ನಡಿ ಇದ್ದ ಕ್ಯಾಮೆರಾದಿಂದ ಕನ್ನಡಿ ಇಲ್ಲದ ಕ್ಯಾಮೆರಾಕ್ಕೆ ಬಂದ ಆ ಕಾಲದ ಮಾತು ತೆಗೆದರೆ ಎದುರಿಗಿಟ್ಟ ಚಹಾ ಆರಿಹೋಗುವವರೆಗೆ ನಾನು ಬಿಡುವುದಿಲ್ಲ. ಹೊಸಬರಿಗೆ ಹೇಳಬೇಕಾದ್ದು ಬಹಳ ಇದೆ. ಅದರಲ್ಲಿ ಗೋದಾಬಾಯಿಯ ಸಂಗತಿಯನ್ನು ಮಾತ್ರ ಹೇಳದೆ ಬಿಡಲಾರೆ.

ನನ್ನ ಹೆಸರು ಸುನಂದಾ. ಚಿಕ್ಕೋಡಿಯ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿತು, ಅಲ್ಲೇ ದುಡಿದು, ಅಲ್ಲಿಂದಲೇ ನಿವೃತ್ತಳಾದೆ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿ ಲಗ್ನವಿದ್ದರೂ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದವಳು. ಸ್ಟುಡಿಯೋದ ಮಾಲಕರು ಬಾಪು ಅಣ್ಣ. ಹೊಗಳುವುದು ಅವರಿಗೆ ಗೊತ್ತಿರಲಿಲ್ಲ. ಫೋಟೊ ಚೆನ್ನಾಗಿ ಬಂದರೆ ಹೂಂ ಅನ್ನುತ್ತಿದ್ದರು, ಕೆಟ್ಟರೆ ರಸ್ತೆಯಲ್ಲಿ ಹೋಗುವವರಿಗೂ ಕೇಳುವಂತೆ ಬೈಯುತ್ತಿದ್ದರು. ಆದರೆ ಮಂಟಪದಲ್ಲಿ ಹೆಣ್ಣುಮಗಳು ಕ್ಯಾಮೆರಾ ಹಿಡಿಯುವುದೇನು ಎಂದು ಯಾರಾದರೂ ಮೂಗು ಮುರಿದರೆ, "ಆಕಿ ಬರೂದಿಲ್ಲಾಂದ್ರ ನನ್ನ ಕ್ಯಾಮೆರಾನೂ ಬರೂದಿಲ್ಲ ನೋಡ್ರಿ" ಎಂದು ಫೋನು ಇಟ್ಟುಬಿಡುತ್ತಿದ್ದರು. ಆ ಒಂದು ಮಾತಿಗೆ ಅವರ ಎಲ್ಲ ಬೈಗುಳವನ್ನೂ ನುಂಗಿಕೊಂಡೆ.

ಎರಡು ಸಾವಿರದ ನಂತರದ ಆ ವರ್ಷಗಳಲ್ಲಿ ರೀಲು ಹೋಗಿ ಡಿಎಸ್‌ಎಲ್‌ಆರ್ ಬಂತು. ಅದರ ಹೊಟ್ಟೆಯಲ್ಲಿ ಒಂದು ಪುಟ್ಟ ಕನ್ನಡಿ. ಲೆನ್ಸಿನ ಮುಂದೆ ಇರುವುದನ್ನು ಆ ಕನ್ನಡಿ ನಮ್ಮ ಕಣ್ಣಿಗೆ ತೋರಿಸುತ್ತದೆ. ಗುಂಡಿ ಒತ್ತಿದ ಕೂಡಲೇ ಮೇಲಕ್ಕೆ ಹಾರಿ ಬಡಿದು, ಮತ್ತೆ ಕೆಳಗೆ ಕೂರುತ್ತದೆ. ಆಗ ಬರುವ ಸದ್ದೇ ಖಟ್. ನಮ್ಮ ಕಡೆ ಜನ ಫೋಟೊವನ್ನು ಕಿವಿಯಿಂದ ತೆಗೆಸಿಕೊಳ್ಳುತ್ತಿದ್ದರು ಎಂದರೆ ತಪ್ಪಲ್ಲ. ಕ್ಯಾಮೆರಾ ಕಂಡ ಕೂಡಲೇ ಗಂಡಸರು ಟೊಪ್ಪಿಗೆ ನೆಟ್ಟಗೆ ಮಾಡಿ ಉಸಿರು ಬಿಗಿಹಿಡಿಯುವರು, ಹೆಂಗಸರು ಸೆರಗು ಎಳೆದುಕೊಂಡು ತುಟಿ ಮುಚ್ಚುವರು. ಆ ಬಿಗಿದ ಮುಖಕ್ಕೆ ನಾವು ಫೋಟೋ ಮಾರಿ ಅನ್ನುತ್ತಿದ್ದೆವು. ಖಟ್ ಎಂದ ಮೇಲೆ ಎಲ್ಲರೂ ಒಮ್ಮೆಗೇ ಉಸಿರು ಬಿಟ್ಟು ಮನುಷ್ಯರಾಗುವರು. ನಮ್ಮ ಹತ್ತಿರ ಉಳಿಯುತ್ತಿದ್ದದ್ದು ಮಾತ್ರ ಫೋಟೋ ಮಾರಿ.

ಗೋದಾಬಾಯಿಯನ್ನು ಮೊದಲು ಕಂಡದ್ದು ಶಿರಗುಪ್ಪಿಯಲ್ಲಿ, ಅವಳ ದೊಡ್ಡ ಮೊಮ್ಮಗಳ ಮದುವೆಯ ದಿನ. ಅವರದು ಬೌದ್ಧ ಮನೆತನ. ಗೋದಾಬಾಯಿ ಕಂಡವರ ಹೊಲದಲ್ಲಿ ದುಡಿದೇ ಮಗ ಅಶೋಕನನ್ನು ಓದಿಸಿದವಳು. ಅಶೋಕ ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ, ಎಂದರೆ ಕಬ್ಬಿನ ಗಾಡಿ ತೂಗುವ ಕಡೆ, ಗುಮಾಸ್ತನಾಗಿದ್ದ. ಬಿಳಿ ಸೀರೆಯ ಮದುಮಗಳು, ಬಿಳಿ ಬಟ್ಟೆಯ ಮದುಮಗ, ಬುದ್ಧನ ಮೂರ್ತಿಯ ಎದುರು ವಂದನೆ ನಡೆದಿತ್ತು. ಅಷ್ಟು ಜನ ಸೇರಿದರೂ ಮಂಟಪ ಶಾಂತವಾಗಿತ್ತು. ಆ ಶಾಂತಿಯ ನಡುವೆ ನಾನು ಖಟ್, ಖಟ್, ಖಟ್. ವಂದನೆ ಹೇಳಿಸುತ್ತಿದ್ದ ಭಿಕ್ಷು, ಭಂತೇಜಿ, ಅದನ್ನು ನಿಲ್ಲಿಸಿ ಕಣ್ಣು ತೆರೆದರು.

"ಅವ್ವಾ, ಅದನ್ನ ಸ್ವಲ್ಪ ಸುಮ್ನ ಇರಿಸ್ತೀಯೇನು?" ಎಂದರು. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ, ಅಷ್ಟು ಮೆತ್ತಗೆ ಅಂದದ್ದಕ್ಕೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕ್ಯಾಮೆರಾ ಇಳಿಸಿ ಕಂಬದ ಪಕ್ಕ ನಿಂತೆ.

ಆಮೇಲೆ ಆಲ್ಬಮ್ಮಿಗೆ ಫೋಟೊ ಆರಿಸಲು ಅಶೋಕ ಚಿಕ್ಕೋಡಿಗೆ ಬಂದ. ಕಂಪ್ಯೂಟರಿನಲ್ಲಿ ಒಂದೊಂದೇ ನೋಡುತ್ತ ಹೋದಂತೆ ಅವನ ಮುಖ ಸಣ್ಣದಾಯಿತು. ಎಲ್ಲರೂ ಚೆನ್ನಾಗಿಯೇ ಬಂದಿದ್ದರು. ಗೋದಾಬಾಯಿ ಮಾತ್ರ ಪ್ರತಿಯೊಂದರಲ್ಲೂ ಕಣ್ಣು ಮುಚ್ಚಿದ್ದಳು. ಅರೆ ಮುಚ್ಚಿದ್ದಲ್ಲ, ಬಿಗಿಯಾಗಿ ಮುಚ್ಚಿದ್ದು.

"ನಿಮ್ದೇನ ತಪ್ಪಿಲ್ರಿ ಅಕ್ಕಾರ" ಎಂದ ಅಶೋಕ. "ನಮ್ಮ ಆಯಿದು ಕಣ್ಣ ತೆರದಿದ್ದ ಫೋಟೋ ಭೂಮಿ ಮ್ಯಾಲ ಒಂದೂ ಇಲ್ಲ. ವೋಟಿನ ಕಾರ್ಡ್‌ನ್ಯಾಗೂ ಹಿಂಗ. ಎಷ್ಟ ಮಂದಿ ಹೊಡದ್ರು, ಎಲ್ಲಾರ್ದೂ ಹಿಂಗ."

"ಫ್ಲ್ಯಾಶಿಗೆ ಹೆದರ್ತಾರೇನೋ."

"ಗೊತ್ತಿಲ್ರಿ. ಆಕಿಗೆ ವಯಸ್ಸಾತು. ಮುಂದ ಒಂದಿನ ನಾ ಗ್ವಾಡಿ ಮ್ಯಾಲ ಹಾಕೂ ಫೋಟೋನೂ ಕಣ್ಣ ಮುಚ್ಚಿದ್ದ ಆಗಬೇಕೇನ್ರಿ? ಆಕಿ ನನ್ನ ನೋಡಾಕತ್ತಾಳ ಅನ್ನೂ ಹಂಗ ಒಂದ, ಒಂದ ಫೋಟೋ ತಗದ ಕೊಡ್ರಿ."

ತೆಗೆದೇ ತೆಗೆಯುತ್ತೇನೆ ಎಂದು ಮಾತು ಕೊಟ್ಟೆ. ಇದೇನು ದೊಡ್ಡ ಕೆಲಸ ಎಂಬ ಜಂಬವೂ ಇತ್ತು. ಆ ಜಂಬ ಇಳಿಯಲು ವರ್ಷಗಳೇ ಹಿಡಿದವು.

ಅವರ ಮನೆಯಲ್ಲಿ ಏನು ಕಾರ್ಯವಿದ್ದರೂ ನನಗೆ ಕರೆ. ಮರಿಮೊಮ್ಮಗನ ತೊಟ್ಟಿಲು, ಹೊಸ ಕೋಣೆಯ ಪ್ರವೇಶ, ಎಲ್ಲಕ್ಕೂ ಹೋದೆ. ಫ್ಲ್ಯಾಶ್ ತೆಗೆದಿಟ್ಟು ನೋಡಿದೆ. ಒಂದು, ಎರಡು, ಮೂರು ಎನ್ನುತ್ತೇನೆ ಎಂದು ಹೇಳಿ ಎರಡಕ್ಕೇ ಒತ್ತಿದೆ. ನಗಿಸಿ ತೆಗೆದರೆ ಬಾಯಿ ನಗುತ್ತಿತ್ತು, ಕಣ್ಣು ಮುಚ್ಚಿರುತ್ತಿತ್ತು. ಒಂದರ ಹಿಂದೊಂದು ಸಾಲಾಗಿ ಹೊಡೆದರೆ ಸಾಲಿಗೆ ಸಾಲೇ ಕಣ್ಣು ಮುಚ್ಚಿದ ಗೋದಾಬಾಯಿ. ಒಮ್ಮೆ ಉದ್ದ ಲೆನ್ಸ್ ಹಾಕಿಕೊಂಡು ಮನೆಯ ಹಿಂದಿನ ಕಬ್ಬಿನಲ್ಲಿ ಕಳ್ಳಿಯ ಹಾಗೆ ಕೂತೆ. ಕಬ್ಬಿನ ಗರಿ ಕೈಯೆಲ್ಲ ಗೀಚಿತು. ಅವಳು ಹಿತ್ತಲಿನಲ್ಲಿ ಆಡಿಗೆ ಸೊಪ್ಪು ಹಾಕುತ್ತಿದ್ದಳು. ಒತ್ತಿದೆ. ಆಡು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದೆ, ಗೋದಾಬಾಯಿಯ ಕಣ್ಣು ಮುಚ್ಚಿದೆ! ಮುಚ್ಚಿಕೊಂಡೇ, "ಯಾರಲೇ ಕಬ್ಬಿನ್ಯಾಗ? ಹೊರಗ ಬಾ!" ಎಂದು ಗದರಿದಳು. ಗರಿ ಕೊಡವಿಕೊಂಡು ಹೊರಗೆ ಬಂದೆ.

ನನ್ನ ಗೋಳು ಕೇಳಿ ಬಾಪು ಅಣ್ಣ ನಕ್ಕರು. "ಕಂಪ್ಯೂಟರ್ ಯಾಕ ಐತಿ? ಬೇರೆ ಕಣ್ಣ ಹಚ್ಚೂಣು ತಗೋ." ಅಥಣಿ ಕಡೆಯ ಯಾವುದೋ ಆಲ್ಬಮ್ಮಿನಿಂದ ಅದೇ ವಯಸ್ಸಿನ ಅಜ್ಜಿಯ ಕಣ್ಣು ಎತ್ತಿ ಗೋದಾಬಾಯಿಯ ಮುಖಕ್ಕೆ ಕೂರಿಸಿದರು. ಕೈಕೆಲಸ ಅಚ್ಚುಕಟ್ಟಾಗಿತ್ತು, ಅಂಚು ಹುಡುಕಿದರೂ ಸಿಗುತ್ತಿರಲಿಲ್ಲ. ಚೌಕಟ್ಟು ಹಾಕಿಸಿ ಇಬ್ಬರೂ ಶಿರಗುಪ್ಪಿಗೆ ಒಯ್ದೆವು. ಗೋದಾಬಾಯಿ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಮಾಡಿ ನೋಡಿದಳು.

"ಅಗ ಬಾಯಿ! ಇಕಿ ಯಾರ ಬೇ? ನನ್ನ ಸೀರಿ ಯಾಕ ಉಟ್ಟಾಳ?"

ಬಾಪು ಅಣ್ಣ ಅವತ್ತು ಕೊಟ್ಟ ಚಹಾವನ್ನು ಪೂರ್ತಿ ಕುಡಿಯದೆ ಎದ್ದರು. ಆ ಮೇಲೆ ಕಣ್ಣು ಹಚ್ಚುವ ಮಾತನ್ನು ಎತ್ತಲಿಲ್ಲ. ಹೊಸಬರೇ, ಕಂಪ್ಯೂಟರಿನಲ್ಲಿ ಏನು ಬೇಕಾದರೂ ಬದಲಿಸಿ, ಕಣ್ಣನ್ನು ಮಾತ್ರ ಮುಟ್ಟಬೇಡಿ. ಮನೆಯವರು ಹಿಡಿದುಬಿಡುತ್ತಾರೆ.

ಗುಟ್ಟು ತಿಳಿದದ್ದು ಅಡುಗೆಮನೆಯಲ್ಲಿ. ಒಂದು ದಿನ ಕ್ಯಾಮೆರಾ ಹೊರಗಿಟ್ಟು, ಸೋತವಳ ಹಾಗೆ ಅವಳ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಮೇಲಿನ ಹಲಗೆಯಿಂದ ಸ್ಟೀಲಿನ ತಾಟು ಜಾರಿ ಖಟ್ ಎಂದು ಬಿತ್ತು. ಗೋದಾಬಾಯಿಯ ಕಣ್ಣು ಅದೇ ರೀತಿ ಬಿಗಿಯಾಗಿ ಮುಚ್ಚಿತು. ಫ್ಲ್ಯಾಶ್ ಇಲ್ಲ, ಕ್ಯಾಮೆರಾ ಇಲ್ಲ, ಬರೀ ಸದ್ದು.

"ಆಯಿ, ಸಪ್ಪಳಕ್ಕ ಕಣ್ಣ ಮುಚ್ಚತೀರೇನ್ರಿ ನೀವು?"

"ಮುಚ್ಚಲಿಲ್ಲಾಂದ್ರ ಕಣ್ಣ ಹೋಗ್ತಾವಲ್ಲ ಬೇ" ಎಂದಳು, ನಾನೇ ದಡ್ಡಿ ಎಂಬಂತೆ. ಆಮೇಲೆ ಹೇಳಿದಳು. ತವರು ನಿಪ್ಪಾಣಿ. ಸಣ್ಣ ಹುಡುಗಿಯಾಗಿದ್ದಾಗಲೇ ಅವ್ವನ ಜೊತೆ ತಂಬಾಕಿನ ವಖಾರಿಗೆ, ಎಂದರೆ ಉಗ್ರಾಣಕ್ಕೆ, ಕೆಲಸಕ್ಕೆ ಹೋಗುತ್ತಿದ್ದಳು. ದೊಡ್ಡ ಜರಡಿಯಲ್ಲಿ ತಂಬಾಕು ಸೋಸುವ ಕೆಲಸ. "ಜರಡಿ ಖಟ್ ಅಂತ ಕಟ್ಟಿಗಿಗೆ ಬಡೀತಿದ್ದಂಗನ ಧೂಳ ಭಗ್ ಅಂತ ಏಳತಿತ್ತು. ಕಣ್ಣಾಗ ಹೋತಂದ್ರ ಕಾರಪುಡಿ ಹೊಡದಂಗ. ನಮ್ಮವ್ವ ಬಾಜೂಕ ಕುಂತ ಹೇಳ್ತಿದ್ಲು, ಸಪ್ಪಳ ಕೇಳಿದ ಕೂಡ್ಲೇ ಮುಚ್ಚ ಗೋದಿ, ಮುಚ್ಚ. ಹೊಡತಾನೂ ಹಾಕ್ತಿದ್ಲು. ಅದ ರೂಢಿ ಆತು."

ಲಗ್ನವಾಗಿ ಶಿರಗುಪ್ಪಿಗೆ ಬಂದು ಅವಳ ಜೀವಮಾನವೇ ಕಳೆದಿತ್ತು. ಕಣ್ಣು ಮಾತ್ರ ಇನ್ನೂ ಆ ವಖಾರಿಯಲ್ಲೇ ಕೂತಿತ್ತು. ನನಗೆ ಅಳು ಬಂತು, ಜೊತೆಗೆ ಹತಾಶೆಯೂ ಬಂತು. ಬೆಳಕು ಕಡಿಮೆ ಮಾಡಬಹುದು, ದೂರ ನಿಲ್ಲಬಹುದು. ಸದ್ದೇ ಮಾಡದ ಕ್ಯಾಮೆರಾವನ್ನು ಎಲ್ಲಿಂದ ತರುವುದು?

ಅದು ಬರುತ್ತಿತ್ತು! ಈ ಶತಮಾನದ ಎರಡನೆಯ ದಶಕದ ಕೊನೆಯ ಹೊತ್ತಿಗೆ ನಿಪ್ಪಾಣಿಯ ಒಂದು ಹಾಲ್‌ನಲ್ಲಿ ಈ ಭಾಗದ ಫೋಟೊಗ್ರಾಫರುಗಳನ್ನೆಲ್ಲ ಕೂಡಿಸಿ ಮಿರರ್‌ಲೆಸ್ ತೋರಿಸಿದರು. ಮುಂದಿನ ಸಾಲಿನಲ್ಲಿ ಬಾಪು ಅಣ್ಣ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. "ಕನ್ನಡಿ ಇಲ್ಲಂತ. ಒಳಗ ಸಣ್ಣ ಟಿವಿ ಇಟ್ಟಾರಂತ. ಟಿವಿ ನೋಡಾಕ ನಾವ ಲಗ್ನಕ್ಕ ಹೋಗಬೇಕೇನ?" ಸುತ್ತಲಿನವರು ನಕ್ಕರು. ತೋರಿಸಲು ಬಂದವನು ಏನೇನೋ ಹೇಳುತ್ತಿದ್ದ, ನನ್ನ ತಲೆಗೆ ಅರ್ಧವೂ ಹೋಗುತ್ತಿರಲಿಲ್ಲ. ನಡುವೆ ಅವನು, "ಬೇಕಾದರೆ ಸದ್ದನ್ನು ಪೂರಾ ಬಂದ್ ಮಾಡಬಹುದು" ಎಂದ. ನಾನು ಎದ್ದು ನಿಂತೆ.

"ಪೂರಾ ಅಂದ್ರ ಪೂರಾನ?"

"ಪೂರಾ, ಮೇಡಂ."

ನಡೆದುಹೋಗಿ ಅವನ ಕೈಯಿಂದಲೇ ತೆಗೆದುಕೊಂಡು ಕಿವಿಗೆ ಹಿಡಿದು ಒತ್ತಿದೆ. ಏನೂ ಕೇಳಲಿಲ್ಲ. ಮತ್ತೆ ಒತ್ತಿದೆ. ಹಿಂದಿನ ಪರದೆಯಲ್ಲಿ ಬಾಪು ಅಣ್ಣನ ಬಾಯಿ ತೆರೆದ ಮುಖ ಬಂದು ಕೂತಿತ್ತು, ಪಾಪ, ಅವರಿಗೆ ಗೊತ್ತೇ ಆಗಿರಲಿಲ್ಲ. ಅಷ್ಟು ಜನ ಗಂಡಸರ ನಡುವೆ ಕುಣಿಯುವುದೊಂದು ಬಾಕಿ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅಣ್ಣನ ತಲೆ ತಿಂದೆ. ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಇಳಿಯುವಾಗ ಅವರು, "ತಗೋ ಮಾರಾಯ್ತಿ, ನಿನ್ನ ಟಿವಿ ತಗೋ, ನನ್ನ ಕಿವಿ ಬಿಡು" ಎಂದರು.

ಹೊಸ ಕ್ಯಾಮೆರಾ ಬಂದ ಕೂಡಲೇ ಎಲ್ಲ ಸಲೀಸಾಯಿತು ಎಂದು ತಿಳಿಯಬೇಡಿ. ಮೊದಲ ಲಗ್ನದಲ್ಲೇ ಅದು ನನ್ನ ಮರ್ಯಾದೆ ತೆಗೆಯಿತು. ರಾಯಬಾಗದ ಮಂಗಲ ಕಾರ್ಯಾಲಯದಲ್ಲಿ ಹೆಮ್ಮೆಯಿಂದ ಸದ್ದು ಬಂದ್ ಮಾಡಿ ತೆಗೆದೆ. ಮನೆಗೆ ಬಂದು ನೋಡಿದರೆ ಮದುಮಕ್ಕಳ ಮೈಮೇಲೆ ಅಡ್ಡಡ್ಡ ಕಪ್ಪು ಪಟ್ಟೆ, ಜಮಖಾನೆ ಹೊದಿಸಿದ ಹಾಗೆ. ಅಲ್ಲಿಯ ಎಲ್‌ಇಡಿ ದೀಪಕ್ಕೂ ಸದ್ದಿಲ್ಲದ ಶಟರಿಗೂ ಹೊಂದಾಣಿಕೆ ಇಲ್ಲ ಎಂಬುದು ಆಗ ತಿಳಿಯಿತು. ಪುಣ್ಯಕ್ಕೆ ಅಣ್ಣ ಹಟ ಮಾಡಿ ಹಳೆಯ ಕ್ಯಾಮೆರಾವನ್ನೂ ತಂದು ಪಕ್ಕದಲ್ಲಿ ನಿಂತಿದ್ದರು, ಆಲ್ಬಮ್ ಉಳಿಯಿತು. ಅವತ್ತಿನ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಆ ದಿನದಿಂದ ದೀಪದ ಕೆಳಗೆ ಸದ್ದು ಇರಲಿ, ಬಿಸಿಲಿನ ಬೆಳಕಿನಲ್ಲಿ ಬೇಕಾದರೆ ಸುಮ್ಮನಿರಿಸು ಎಂದು ನಿಯಮ ಮಾಡಿಕೊಂಡೆ. ಬ್ಯಾಟರಿಯನ್ನಂತೂ ಅದು ಶೇಂಗಾ ತಿಂದ ಹಾಗೆ ತಿನ್ನುತ್ತಿತ್ತು. ಸೊಂಟದ ಚೀಲದ ತುಂಬ ಬ್ಯಾಟರಿ ತುಂಬಿಕೊಂಡು ಓಡಾಡಿದೆ.

ಜುಗೂಳದಲ್ಲಿ ಇನ್ನೊಂದು ಮಜಾ. ಹೊಳೆಯ ದಂಡೆಯ ತೋಟದಲ್ಲಿ ರೈತರ ದೊಡ್ಡ ಕುಟುಂಬ, ಮುಂದೆ ಹಿರಿಯರು, ಹಿಂದೆ ಗಂಡಸರು. ತೆಗೆದು ಮುಗಿಸಿ, ಸಾಕು ಎಂದು ಕೈ ಮಾಡಿ ಲೆನ್ಸ್ ಬದಲಿಸತೊಡಗಿದೆ. ತಲೆ ಎತ್ತಿದರೆ ಅವರೆಲ್ಲ ಇನ್ನೂ ಉಸಿರು ಬಿಗಿಹಿಡಿದು ನಿಂತಿದ್ದಾರೆ! ಮನೆಯ ಹಿರಿಯ ತುಟಿ ಅಲುಗಿಸದೆ, "ಹೊಡೀರಿ ಬೇಗ, ಎದಿ ಹಿಡ್ಯಾಕತ್ತೈತಿ" ಎಂದ. ಆಗಿದೆ ಎಂದರೆ ನಂಬಲೊಲ್ಲರು. ಕೊನೆಗೆ ಸದ್ದು ಹಚ್ಚಿ ಒಂದು ಖಟ್ ಅನ್ನಿಸಿದ ಮೇಲೆಯೇ ಚದುರಿದರು.

ಆದರೆ ಅದರಲ್ಲಿ ಬಂದ ಸುಖವನ್ನೂ ಹೇಳಬೇಕು. ನಮ್ಮ ಲಗ್ನಗಳಲ್ಲಿ ಮದುಮಗಳ ಹಣೆಗೆ ಮುಂಡಾವಳಿ ಕಟ್ಟುತ್ತಾರೆ, ಮುತ್ತಿನ ಸರ ಎರಡೂ ಕಡೆ ಇಳಿಬಿದ್ದು ಅಲುಗುತ್ತಿರುತ್ತದೆ. ಹಳೆಯ ಕ್ಯಾಮೆರಾ ಆ ಮುತ್ತನ್ನೇ ಮುಖವೆಂದು ಹಿಡಿಯುತ್ತಿತ್ತು. ಮುತ್ತು ಒಂದೊಂದೂ ಫಳಫಳ, ಹುಡುಗಿಯ ಕಣ್ಣು ಮಂಜು. ಹೊಸದರಲ್ಲಿ ಒಂದು ಪುಟ್ಟ ಚೌಕ ಬಂದು ಮುತ್ತಿನ ಸಂದಿಯಲ್ಲಿ ಕಣ್ಣನ್ನೇ ಹುಡುಕಿ ಕೂರುತ್ತಿತ್ತು, ಅವಳು ತಿರುಗಿದರೆ ತಾನೂ ತಿರುಗುತ್ತಿತ್ತು. ಮೊದಲ ಸಲ ಕಂಡಾಗ ನಾನು ಮಂಟಪದಲ್ಲೇ, "ಅಣ್ಣಾ, ಕಣ್ಣ ಹಿಡೀತು!" ಎಂದು ಕೂಗಿದೆ. ಅಣ್ಣ ಬಂದು ಇಣುಕಿ ನೋಡಿ ಹೂಂ ಅಂದರು. ಎರಡು ಸಲ ಅಂದರು.

ಅಶೋಕನ ಚಿಕ್ಕ ಮಗಳ ಮದುವೆ ಗೊತ್ತಾದದ್ದು ಆಗ. ಬೆಳಗಿನ ಹೊತ್ತು, ಮನೆಯ ಮುಂದಿನ ಅಂಗಳದಲ್ಲಿ ಬಿಳಿ ಬಟ್ಟೆಯ ಚಪ್ಪರ, ಬಿಸಿಲು ಅದರಿಂದ ಸೋಸಿ ಬರುತ್ತಿತ್ತು. ಪಟ್ಟೆಯ ಭಯವಿಲ್ಲ. ಗೋದಾಬಾಯಿ ಈಗ ಬಾಗಿದ್ದಳು, ಕುರ್ಚಿಯಿಂದ ಏಳಲು ಯಾರಾದರೂ ಕೈ ಕೊಡಬೇಕಿತ್ತು. ಅಶೋಕ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾರ, ಇದ ಕಡೀ ಕಾರ್ಯ ನಮ್ಮ ಮನ್ಯಾಗ. ಇವತ್ತ ಆಗಲಿಲ್ಲಾಂದ್ರ ಇನ್ನ ಯಾವಾಗ ಆಗೂದ್ರಿ?" ಎಂದ. ಸದ್ದು ಬಂದ್ ಆಗಿದೆಯೇ ಎಂದು ಮತ್ತೆ ಮತ್ತೆ ನೋಡಿಕೊಂಡೆ.

ಅದೇ ಭಂತೇಜಿ ಬಂದಿದ್ದರು. ವಂದನೆ ಶುರುವಾಯಿತು. ನಾನು ಅವರ ಎದುರಿಗೇ ಓಡಾಡಿ ತೆಗೆದೆ, ಒಬ್ಬರೂ ತಿರುಗಿ ನೋಡಲಿಲ್ಲ. ಆಗ ನನಗೆ ಮೈ ಜುಮ್ಮೆಂದಿತು. ಯಾರ ಮುಖದಲ್ಲೂ ಫೋಟೋ ಮಾರಿ ಇರಲಿಲ್ಲ! ಗೋದಾಬಾಯಿಯ ಸೊಸೆ ಕಣ್ಣೊರೆಸಿಕೊಳ್ಳುತ್ತಿದ್ದಳು, ಬೀಗರು ಆಕಳಿಸುತ್ತಿದ್ದರು, ಮದುಮಗಳು ಬಾಗಿ ಕಳ್ಳನೋಟದಿಂದ ಮದುಮಗನ ಕೈ ನೋಡುತ್ತಿದ್ದಳು. ಇಷ್ಟು ವರ್ಷ ನಾನು ಕ್ಯಾಮೆರಾ ಎತ್ತಿದ ಕೂಡಲೇ ಫೋಟೋ ಮಾರಿಯ ಹಿಂದೆ ಅಡಗುತ್ತಿದ್ದವರು ಇವರೇ, ಈಗ ಮೊದಲ ಸಲ ನನ್ನ ಎದುರು ಕೂತಿದ್ದರು. ಅಶೋಕನಿಗೆ ಮಾತ್ರ ಕಳವಳ. ಹತ್ತಿರ ಬಂದು ಪಿಸುಗುಟ್ಟಿದ: "ಏನ್ರಿ ಅಕ್ಕಾರ, ಬಂದಾಗಿಂದ ಒಂದೂ ಹೊಡೀಲಿಲ್ಲ?"

ಬಾಯಿ ಮುಚ್ಚು ಎಂದು ಸನ್ನೆ ಮಾಡಿ ಗೋದಾಬಾಯಿಯ ಎದುರು ಮೊಣಕಾಲೂರಿದೆ. ಅವಳು ನನ್ನನ್ನೇ ನೋಡಿದಳು, ಈ ಹುಡುಗಿ ಯಾಕೆ ನೆಲದ ಮೇಲೆ ಕೂತಿದ್ದಾಳೆ ಎಂಬ ಮುಖ. ಪುಟ್ಟ ಚೌಕ ಅವಳ ಕಣ್ಣಿನ ಮೇಲೆ ಕೂತಿತು. ಒತ್ತಿದೆ.

ಕೆಲಸದವರಿಗೆ ಗೊತ್ತಿರುವ ಒಂದು ಮಾತು. ಹಳೆಯ ಕ್ಯಾಮೆರಾದಲ್ಲಿ ಕನ್ನಡಿ ಮೇಲೆ ಹಾರಿದ ಆ ಕ್ಷಣ ನಾವು ಕಣ್ಣಿಟ್ಟು ನೋಡುವ ಕಿಂಡಿ ಕಪ್ಪಾಗುತ್ತದೆ. ಫೋಟೊ ಬೀಳುವ ಕ್ಷಣವನ್ನು ಫೋಟೊ ತೆಗೆಯುವವಳೇ ಕಾಣುವುದಿಲ್ಲ. ಎಂದರೆ ಅಷ್ಟು ವರ್ಷ, ಆ ಕ್ಷಣದಲ್ಲಿ ಅವಳೂ ಕಣ್ಣು ಮುಚ್ಚುತ್ತಿದ್ದಳು, ನನಗೂ ಕತ್ತಲೆ. ಇವತ್ತು ಕಿಂಡಿ ಕಪ್ಪಾಗಲಿಲ್ಲ. ಅವಳ ರೆಪ್ಪೆ ಅಲುಗಲಿಲ್ಲ. ನಾನು ನೋಡುತ್ತಲೇ ಇದ್ದೆ, ಅವಳು ನೋಡುತ್ತಲೇ ಇದ್ದಳು. ಜೇನಿನ ಬಣ್ಣದ ಕಣ್ಣು! ಅಷ್ಟು ದಿನ ಅವಳ ಜೊತೆ ಬೆಳ್ಳುಳ್ಳಿ ಸುಲಿದರೂ ನಾನು ಆ ಬಣ್ಣ ಗಮನಿಸಿರಲಿಲ್ಲ.

"ಬಂತು! ಅಶೋಕ, ಬಂತು!" ಎಂದು ಕಿರುಚಿದೆ.

ವಂದನೆ ನಿಂತಿತು. ಭಂತೇಜಿ ಕಣ್ಣು ತೆರೆದು ನನ್ನನ್ನು ನೋಡಿದರು. "ಅವ್ವಾ, ಕ್ಯಾಮೆರಾ ಸುಮ್ನಾತು. ಈಗ ನೀ ಸುಮ್ನಾಗಬೇಕಲ್ಲ" ಎಂದರು. ಚಪ್ಪರಕ್ಕೆ ಚಪ್ಪರವೇ ನಕ್ಕಿತು, ಭಂತೇಜಿಯೂ ನಕ್ಕರು. ನಾಚಿಕೆಯಾಗಲಿಲ್ಲ. ನನ್ನ ವೃತ್ತಿಯಲ್ಲಿ ಅಷ್ಟು ಖುಷಿಯ ಬೆಳಗು ಇನ್ನೊಂದು ಬಂದಿಲ್ಲ.

ದೊಡ್ಡದಾಗಿ ಪ್ರಿಂಟು ಹಾಕಿಸಿ, ಚೌಕಟ್ಟು ಕಟ್ಟಿಸಿ ನಾನೇ ಒಯ್ದು ಕೊಟ್ಟೆ. ಅಶೋಕ ನೋಡಿ ಗೋಡೆಗೆ ಒರಗಿ ನಿಂತ. ಗೋದಾಬಾಯಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಣ್ಣಿನ ಜಾಗದಲ್ಲಿ ಬೆರಳಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

"ಇದು ನಮ್ಮವ್ವ" ಎಂದಳು.

"ಆಯಿ, ಅದು ನೀನ" ಎಂದ ಅಶೋಕ.

"ನಾ ಅಲ್ಲೋ. ನಮ್ಮವ್ವನ ಕಣ್ಣ ಇವು. ವಖಾರ್ಯಾಗ ನನ್ನ ಹಿಂಗ ನೋಡ್ಕೋತ ಕುಂಡ್ರತಿದ್ಲು, ನಾ ಕಣ್ಣ ಮುಚ್ಚಿನೋ ಇಲ್ಲೋ ಅಂತ. ಆಕಿದು ಒಂದೂ ಫೋಟೋ ಇಲ್ಲ. ಮಾರಿನ ಮರತಿದ್ದೆ ನಾ." ಸೆರಗಿನಿಂದ ಗಾಜು ಒರೆಸಿದಳು. "ಎಲ್ಲಿ ಸಿಕ್ಳ ಬೇ ನಿನಗ?"

ಅಶೋಕ ಮುಂದಿನ ಕಾಲಕ್ಕೆಂದು ಕೇಳಿದ್ದ ಫೋಟೊವನ್ನು ಅವಳು ಅವತ್ತೇ ಗೋಡೆಗೆ ಹಾಕಿಸಿದಳು. ಹಾಕಿಸಿ, ಮಾಲೆ ತಾ ಎಂದಳು. ಬದುಕಿರುವವರ ಫೋಟೊಗೆ ಮಾಲೆ ಹಾಕಬಾರದು ಎಂದು ಮಗ, ಸೊಸೆ ಇಬ್ಬರೂ ಕೈಮುಗಿದು ಬೇಡಿಕೊಂಡರು. ಕೇಳಲಿಲ್ಲ. ಈಗಲೂ ಬೆಳಿಗ್ಗೆ ಸೊಸೆಯ ಕೈ ಹಿಡಿದು ಎದ್ದು ಹಿತ್ತಲಿನ ಚೆಂಡುಹೂ ತಾನೇ ಏರಿಸುತ್ತಾಳೆ. ಹೊಸಬರು ಮನೆಗೆ ಬಂದರೆ ಮಾಲೆ ಕಂಡು ದನಿ ತಗ್ಗಿಸಿ, "ಯಾವಾಗ ಆತ್ರಿ?" ಎಂದು ಅಶೋಕನನ್ನು ಕೇಳುತ್ತಾರೆ. ಅಷ್ಟರಲ್ಲಿ ಅದೇ ಕಣ್ಣಿನ ಗೋದಾಬಾಯಿ ಗೋಡೆ ಹಿಡಿದುಕೊಂಡು ಒಳಗಿನಿಂದ ಬಂದು, "ಅದು ನಮ್ಮವ್ವ. ನಾ ಇನ್ನ ಇಲ್ಲೇ ಅದೀನಿ, ಕುಂಡ್ರಿ, ಚಹಾ ಕುಡದ ಹೋಗ್ರಿ" ಎನ್ನುತ್ತಾಳೆ.